ಬದಲಾವಣೆ ಇಲಾಖೆಯ ಬಾಗಿಲು

ಇದನ್ನು ಸುಳ್ಳೆನ್ನುವವರು ಯಾರಾದರೂ ಇದ್ದರೆ ಎದುರಿಗೆ ಬಂದು ಹೇಳಲಿ: ಬದಲಾವಣೆ ಇಲಾಖೆಯೊಳಗೆ ಎಲ್ಲರೂ ಕಿಟಕಿಯಿಂದಲೇ ಹೋಗುತ್ತಿದ್ದರು. ಮುಂಬಾಗಿಲು ಯಾವುದೋ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಂಡಿತ್ತು. ಅಲ್ಲಿಗೆ ಕಿಟಕಿ ವಿಭಾಗ ಹುಟ್ಟಿತು. ಹೊರಗೆ ಸ್ಟೂಲು ಹಿಡಿಯಲು ಒಬ್ಬ, ಒಳಗಿನಿಂದ ರಟ್ಟೆ ಹಿಡಿದೆಳೆಯಲು ಒಬ್ಬ, "ತಲೆ ಜೋಪಾನ" ಎನ್ನಲು ಒಬ್ಬ ಹಿರಿಯ ಗುಮಾಸ್ತ. ಅವನು ರಜೆ ಹಾಕಿದ ದಿನ ಸಾರ್ವಜನಿಕರು ತಲೆ ಬಡಿಸಿಕೊಂಡೇ ಒಳಬರತಕ್ಕದ್ದೆಂದು ನಿಯಮವಿತ್ತು.

ಈ ಇಲಾಖೆಗೆ ಹಳ್ಳಿಯಿಂದ ಪೈಲ್ವಾನ ಬಂದ. ಆ ಹೆಸರಿಟ್ಟದ್ದು ಊರಲ್ಲ, ಅವನೇ. ಕೆಲಸ ಹಂಗಾಮಿ. ಕಾಯಂ ಆದರೆ ಮಾತ್ರ ಮಗಳನ್ನು ಕೊಡುತ್ತೇನೆಂದು ಸೋದರಮಾವ ಕಡ್ಡಿ ಮುರಿದಂತೆ ಹೇಳಿದ್ದ. ಏನಾದರೂ ಮಾಡಿ ತೋರಿಸಲೇಬೇಕಿತ್ತು.

"ಎಂತೆಂಥ ಹೋರಿ ಬಗ್ಗಿಸಿದವನು ನಾನು, ಇದ್ಯಾವ ಲೆಕ್ಕ!" ಎಂದವನೇ ಬಾಗಿಲಿಗೆ ಒಂದು ಗುದ್ದು ಕೊಟ್ಟ. ಅದು ತೆರೆದುಕೊಂಡಿತು. ಸ್ಟೂಲಿನ ಸರದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನೆಟ್ಟಗೆ ನಡೆದು ಒಳಗೆ ಹೋದರು.

"ಏನು ಮಾಡಿಬಿಟ್ಟೆ ತಮ್ಮಾ!" ಗುಮಾಸ್ತ ಎದೆ ಹಿಡಿದುಕೊಂಡ. "ಇನ್ನು ನಾನು ಯಾರಿಗೆ ಜೋಪಾನ ಅನ್ನಲಿ?"

"ಹೊಸ್ತಿಲು ಇದೆಯಲ್ಲಣ್ಣ, ಕಾಲು ಜೋಪಾನ ಅನ್ನು."

"ನಾನು ತಲೆಯವನು. ಕಾಲು ನನ್ನ ವ್ಯಾಪ್ತಿಗೆ ಬರಲ್ಲ."

ದೊಡ್ಡ ಸಾಹೇಬರು ಅಜ್ಜಿಯನ್ನು ಹೊರಗೆ ಕಳಿಸಿ, ಕಿಟಕಿಯಿಂದ ಮತ್ತೆ ಬರಮಾಡಿಕೊಂಡು, ನಂತರ ವಿಚಾರಣೆ ಆರಂಭಿಸಿದರು.

"ಏನಪ್ಪಾ, ಬದಲಾವಣೆ ಬೇಡ ಅಂತ ನಾವು ಯಾವತ್ತಾದ್ರೂ ಹೇಳಿದ್ದೀವಾ?"

"ಇಲ್ಲ ಸಾರ್."

"ಮತ್ತೆ? ಅದನ್ನ ಇಲ್ಲಿ ಯಾಕೆ ಮಾಡಿದೆ?"

ಪೈಲ್ವಾನನ ಕಣ್ಣಮುಂದೆ ಮಾವನ ಮಗಳು ಬಂದು ನಿಂತಳು. ಹುಟ್ಟಿದಾಗಿನಿಂದ ಮೊದಲ ಸಲ ಅವನ ದನಿ ತಗ್ಗಿತು. "ಮುಚ್ಚಿಬಿಡ್ತೀನಿ ಸಾರ್." ಮುಚ್ಚಲು ಹೋದರೆ, ಅವನ ಗುದ್ದಿಗೆ ಚಿಲಕವೇ ಕಿತ್ತುಹೋಗಿತ್ತು. ಸಣ್ಣ ಗಾಳಿಗೂ ಬಾಗಿಲು ತೆರೆಯುತ್ತಿತ್ತು.

ಮರುದಿನ ಪ್ರಕಟಣೆ ಹೊರಟಿತು: "ಪ್ರಗತಿಪಥದಲ್ಲಿ ದಿಟ್ಟ ಹೆಜ್ಜೆಯಿಟ್ಟಿರುವ ಇಲಾಖೆಯು ಮುಂಬಾಗಿಲನ್ನು ಯಶಸ್ವಿಯಾಗಿ ತೆರೆದಿರುತ್ತದೆ. ಸದರಿ ಬಾಗಿಲನ್ನು ಸಾರ್ವಜನಿಕರು ಕಿಟಕಿಯ ಮೂಲಕ ಒಳಬಂದು ವೀಕ್ಷಿಸಬಹುದು."

ಜನ ಸಾಲುಗಟ್ಟಿ ಕಿಟಕಿ ಹತ್ತಿ ಬಂದರು. ಬಾಗಿಲನ್ನು ನೋಡಿ, ಕಾಲ ಎಷ್ಟು ಮುಂದುವರಿಯಿತಪ್ಪಾ ಎಂದು ಬೆರಗಾಗಿ, ಕಿಟಕಿಯಿಂದಲೇ ಇಳಿದು ಹೋದರು. ಅಜ್ಜಿ ಸೊಸೆಯನ್ನೂ ಕರೆತಂದು ತೋರಿಸಿದರು.

ಮಾವ ಕೇಳಿದ್ದು ಕಾಯಂ ನೌಕರಿ. ಪೈಲ್ವಾನನಿಗೆ ಅದನ್ನೇ ಕೊಟ್ಟರು. ಬಾಗಿಲು ತೆರೆದುಕೊಳ್ಳದಂತೆ, ಒಳಗಿನಿಂದ ಅದಕ್ಕೆ ಬೆನ್ನು ಒತ್ತಿ ನಿಲ್ಲುವುದು.