ಭಾವನ ಬಡಾವಣೆಗೆ ಬಸ್ಸು

ಕೆಲಸವಿಲ್ಲದೆ ಯಾರೂ ಬಸ್ ಹತ್ತುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಕಾಲೇಜಿನಲ್ಲಿ ನಮಗೆ ಓದಿಸಿದ್ದೂ ಅದನ್ನೇ, ಸ್ವಲ್ಪ ಉದ್ದ ಮಾಡಿ. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ಮಧ್ಯೆ ಬಸ್ಸು. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಶಾಲೆ ಎಂದು ಗೊತ್ತಾದರೆ ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದೂ ಗೊತ್ತಾಗುತ್ತದೆ. ಅದಕ್ಕೇ ನೆಲದ ಯೋಜನೆ ಮಾಡುವವರೂ ರಸ್ತೆ, ಬಸ್ಸಿನ ಯೋಜನೆ ಮಾಡುವವರೂ ಕೂತು ಮಾತಾಡಬೇಕು. ನಮ್ಮ ಆಫೀಸಿನಲ್ಲಿ ಇಬ್ಬರೂ ಇದ್ದರು. ಒಂದೇ ಮಹಡಿ, ಎದುರುಬದುರು ಬಾಗಿಲು. ಕೂರುವುದು ಚೆನ್ನಾಗಿಯೇ ನಡೆದಿತ್ತು, ಮಾತಾಡುವುದೊಂದು ಬಾಕಿ ಇತ್ತು. ಹಾಗಾಗಿ ಮುಂದೆ ಹೇಳುವಂಥವು ಆಗುತ್ತಲೇ ಇದ್ದವು. ನೋಡುತ್ತಾ ಕೂರುವುದಕ್ಕೆ ನನಗೆ ಸಂಬಳ.

ಕೆರೆ ಸರಿದದ್ದು

ನಾನಿದ್ದದ್ದು ನೆಲದ ವಿಭಾಗದಲ್ಲಿ. ಯಾವ ಜಾಗದಲ್ಲಿ ಮನೆ, ಯಾವ ಜಾಗದಲ್ಲಿ ಅಂಗಡಿ, ಎಲ್ಲಿ ಪಾರ್ಕು ಎಂದು ಮ್ಯಾಪಿಗೆ ಬಣ್ಣ ಹಚ್ಚುವುದು ನಮ್ಮ ಕೆಲಸ. ಎದುರು ಬಾಗಿಲಿನವರು ಗೆರೆ ಎಳೆಯುವವರು. ರಸ್ತೆ, ಬಸ್ಸು, ಮೇಲ್ಸೇತುವೆ ಅವರ ಪಾಲು. ಅವರ ಗೆರೆಯನ್ನು ನಾವು ನೋಡುತ್ತಿರಲಿಲ್ಲ, ನಮ್ಮ ಬಣ್ಣವನ್ನು ಅವರು ನೋಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಎರಡೂ ವಿಭಾಗಗಳು ಸಮನ್ವಯದಿಂದ ಕೆಲಸ ಮಾಡಬೇಕು. ಸಮನ್ವಯ ಅಂದರೆ ಏನು ಮಾಡಬೇಕು ಎಂದು ಆದೇಶದಲ್ಲಿ ಇರಲಿಲ್ಲ. ನಮ್ಮ ಸಾಹೇಬರು ಟ್ರೇಸಿಂಗ್ ಪೇಪರಿನ ಸುರುಳಿ ಹಿಡಿದು ಎದುರು ಬಾಗಿಲಿಗೆ ಹೊರಟರು. ನಾನೂ ಹಿಂದೆ ಹೋದೆ. ಅವರ ಮ್ಯಾಪಿನ ಮೇಲೆ ನಮ್ಮದನ್ನು ಹಾಸಿ ನೋಡಿದರೆ, ಜೆ.ಪಿ. ನಗರದ ಆಚೆ ಅವರ ಅಗಲವಾದ ರಸ್ತೆಯೊಂದು ನಮ್ಮ ಕೆರೆಯ ನಟ್ಟನಡುವೆ ನೆಟ್ಟಗೆ ಹೋಗಿತ್ತು.

ಇಬ್ಬರು ಸಾಹೇಬರೂ ಬಗ್ಗಿ ನೋಡಿದರು. ರಸ್ತೆ ಕೆರೆಯನ್ನು ಸುತ್ತಿಕೊಂಡು ಹೋಗುವ ಹಾಗೆ ಮಾಡಲು ಬರುವುದಿಲ್ಲ, ಡ್ರಾಯಿಂಗ್ ಆಗಲೇ ಮುಗಿದಿದೆ ಎಂದರು ರಸ್ತೆಯ ಸಾಹೇಬರು. ಕೆರೆ ಯಾವ ಕಾಲದ್ದು ಎಂದು ನನ್ನನ್ನು ಕೇಳಿದರು. ಪಾಳೇಗಾರರ ಕಾಲದ್ದಿರಬೇಕು ಎಂದೆ.

"ಸ್ವಲ್ಪ ಪಶ್ಚಿಮಕ್ಕೆ ಸರಿಸಿದ್ರೆ ಆಗುತ್ತಾ?"

"ಡ್ರಾಯಿಂಗಲ್ಲಿ ಆಗುತ್ತೆ," ಎಂದರು ನಮ್ಮ ಸಾಹೇಬರು.

ಅವತ್ತೇ ಸರಿಸಿದೆವು. ಇಬ್ಬರೂ ಕೈ ಕುಲುಕಿ ಕಾಫಿ ಕುಡಿದರು. ಮೀನುಗಳಿಗೆ ಯಾರೂ ತಿಳಿಸಲಿಲ್ಲ.

ಹಳದಿ ಚೌಕ

ನನ್ನ ಅಕ್ಕ ತಿಲಕ್ ನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಶಾಲೆಯ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ. ಮೊದಲ ಬೆಲ್ ಕೇಳಿದ ಮೇಲೆ ಚಪ್ಪಲಿ ಹಾಕಿಕೊಂಡರೂ ಸಾಕಿತ್ತು. ಭಾವ ಬ್ಯಾಂಕಿನಲ್ಲಿದ್ದವರು. ಸ್ವಯಂನಿವೃತ್ತಿ ತೆಗೆದುಕೊಂಡ ಸ್ವಲ್ಪ ದಿನಕ್ಕೆ ನಮ್ಮ ಆಫೀಸಿಗೆ ಬಂದು, ಗೋಡೆಯ ಮೇಲಿನ ದೊಡ್ಡ ಮ್ಯಾಪಿನ ಮುಂದೆ ಕೈಕಟ್ಟಿ ನಿಂತರು. ದೇವಸ್ಥಾನದಲ್ಲೂ ಅವರು ಅಷ್ಟು ಹೊತ್ತು ನಿಂತಿದ್ದನ್ನು ನಾನು ಕಂಡಿಲ್ಲ.

ಕನಕಪುರ ರಸ್ತೆಯಲ್ಲಿ, ತಲಘಟ್ಟಪುರಕ್ಕೆ ಈಚೆ, ಒಳಗಡೆ ಒಂದು ಹಳದಿ ಚೌಕವಿತ್ತು. ಹಳದಿ ಅಂದರೆ ಮನೆಗಳು. ಅದರ ಪಕ್ಕದಲ್ಲೇ ಬಸ್ಸಿನ ಗೆರೆ. ಅಲ್ಲಿ ಸೈಟು ನೋಡಿದ್ದೇನೆ ಎಂದರು ಭಾವ. ಅಕ್ಕನಿಗೆ ಸ್ವಂತ ಗೇಟು, ಗೇಟಿನ ಪಕ್ಕ ಸಂಪಿಗೆ ಮರ ಬೇಕೆಂದು ಮದುವೆಯಾದಾಗಿನಿಂದ ಆಸೆ. ನಾನು ಬೇಡ ಎಂದೆ.

"ಯಾಕಯ್ಯಾ? ಬಸ್ ಬರುತ್ತೆ ಅಂತ ನಿಮ್ಮ ಆಫೀಸಿನ ಮ್ಯಾಪಲ್ಲೇ ಇದೆಯಲ್ಲ."

"ಅದಕ್ಕೇ ಬೇಡ ಅಂದಿದ್ದು, ಭಾವ."

ಹೆಗಲ ಮೇಲಿನ ಬ್ಯಾಗು

ಭಾವ ಸೈಟು ಕೊಂಡರು, ಮನೆ ಕಟ್ಟಿಸಿದರು, ಸಂಪಿಗೆ ನೆಟ್ಟರು. ಬಸ್ಸು ಮ್ಯಾಪಿನಲ್ಲೇ ಉಳಿಯಿತು.

ಅಲ್ಲಿಂದ ಮೇನ್ ರೋಡಿಗೆ ಮಣ್ಣು ದಾರಿ, ನೀಲಗಿರಿ ತೋಪು ಹಾದು ಹೋಗಬೇಕು. ಅಕ್ಕನಿಗೆ ಮಂಡಿ ನೋವು. ಭಾವನ ಸ್ಕೂಟರನ್ನು ಕಣ್ಣಿನ ಡಾಕ್ಟರು ನಿಲ್ಲಿಸಿದ್ದರು. ಆಟೋದವರು ಬಡಾವಣೆಯ ಹೆಸರು ಕೇಳಿದರೆ ಮೀಟರ್ ಕೆಟ್ಟಿದೆ ಎನ್ನುತ್ತಿದ್ದರು, ಕೆಲವರು ಗಾಡಿಯೇ ಕೆಟ್ಟಿದೆ ಎನ್ನುತ್ತಿದ್ದರು, ಓಡಿಸುತ್ತಲೇ. ದಿನಾ ಬೆಳಿಗ್ಗೆ ಭಾವ ಅಕ್ಕನ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಮಕ್ಕಳ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮೇನ್ ರೋಡಿನವರೆಗೆ ನಡೆಯುತ್ತಿದ್ದರು. ಅಕ್ಕ ನಿಧಾನವಾಗಿ ಪಕ್ಕದಲ್ಲಿ. ಅವಳನ್ನು ಬಸ್ ಹತ್ತಿಸಿ ಇವರು ವಾಪಸ್. ಸಂಜೆ ಮತ್ತೆ ಅದೇ.

ಒಂದು ಭಾನುವಾರ ಸಂಪಿಗೆ ಗಿಡಕ್ಕೆ ನೀರು ಹಾಕುತ್ತಾ ಭಾವ ನನಗೊಬ್ಬನಿಗೇ ಹೇಳಿದರು. ಯುಗಾದಿಯೊಳಗೆ ಬಸ್ಸು ಬರದಿದ್ದರೆ ಮನೆ ಬಾಡಿಗೆಗೆ ಕೊಟ್ಟು ತಿಲಕ್ ನಗರಕ್ಕೇ ವಾಪಸ್ ಹೋಗುವುದು. ಅವಳು ರಾತ್ರಿ ಕಾಲು ಹಿಡಿದುಕೊಂಡು ಕೂರುತ್ತಾಳೆ, ನನಗೆ ಕಾಣದ ಹಾಗೆ ಎಂದರು. ಇಷ್ಟು ಹೇಳಿ, ಗಿಡಕ್ಕೆ ಬೇಕಾದ್ದಕ್ಕಿಂತ ಒಂದು ಬಕೆಟ್ ನೀರು ಜಾಸ್ತಿ ಹಾಕಿದರು.

ಮಾರನೆಯ ದಿನ ದಾರಿಯಲ್ಲಿ ಯಾರೋ ಹೊಸಬರು ಎದುರಾಗಿ ಭಾವನ ಬ್ಯಾಗು, ಪೇಪರು ನೋಡಿ, ಯಾವ ಸ್ಕೂಲಿನಲ್ಲಿ ಟೀಚರು ಸಾರ್ ಎಂದು ಕೇಳಿದರಂತೆ.

"ತಿಲಕ್ ನಗರ," ಎಂದಳಂತೆ ಅಕ್ಕ. "ನಾನು ಇವರನ್ನ ಬಸ್ ಹತ್ತಿಸೋಕೆ ಬಂದಿದ್ದೀನಿ."

ಕಾರಿಡಾರಿನ ಬೆಂಚು

ಭಾವ ಬಸ್ಸು ಕೇಳಲು ನಮ್ಮ ಆಫೀಸಿಗೆ ಬಂದರು. ನಮ್ಮವರು ಶಿಫಾರಸು ಮಾಡಿದರೆ ಬಸ್ಸಿನವರು ಬಸ್ ಬಿಡುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ನನ್ನ ಸಂಬಂಧಿ ಎಂದು ತೋರಿಸಿಕೊಳ್ಳಬೇಡಿ, ಕೆಲಸ ಕೆಡುತ್ತದೆ ಎಂದೆ.

ರಸ್ತೆಯ ಸಾಹೇಬರು ಮರ್ಯಾದೆಯಿಂದಲೇ ಕೂರಿಸಿ ಹೇಳಿದರು: ಜನವೇ ಇಲ್ಲದ ಕಡೆ ಬಸ್ಸು ಬಿಡಲಾಗುವುದಿಲ್ಲ, ನೆಲದ ವಿಭಾಗದವರು ಅಲ್ಲಿ ಜನ ತುಂಬಿಸಲಿ. ಭಾವ ಕಾರಿಡಾರ್ ದಾಟಿ ಬಂದರು. ನಮ್ಮ ಸಾಹೇಬರೂ ಅಷ್ಟೇ ಮರ್ಯಾದೆಯವರು. ಬಸ್ಸೇ ಇಲ್ಲದ ಕಡೆ ಯಾರು ಸಾರ್ ಮನೆ ಕಟ್ಟುತ್ತಾರೆ, ಅವರು ಮೊದಲು ಬಸ್ಸು ಬಿಡಲಿ ಎಂದರು. ನಾನು ಕಟ್ಟಿದ್ದೇನಲ್ಲ ಎಂದರು ಭಾವ. ನಮ್ಮ ಸಾಹೇಬರು ಅನುಕಂಪದಿಂದ ನೋಡಿದರು.

ಹೀಗೆ ಆ ಬಾಗಿಲು, ಈ ಬಾಗಿಲು ತಿರುಗಿ ಕೊನೆಗೆ ಭಾವ ಮಧ್ಯದ ಬೆಂಚಿನ ಮೇಲೆ ಕೂತರು. ಹನ್ನೊಂದು ಗಂಟೆಗೆ ಇಬ್ಬರು ಸಾಹೇಬರೂ ಕಾಫಿ ಲೋಟ ಹಿಡಿದು ಅದೇ ಬೆಂಚಿಗೆ ಬಂದರು. ಅದು ಅವರ ನಿತ್ಯದ ಜಾಗ. ಭಾವ ಸರಿದು ಜಾಗ ಬಿಟ್ಟರು.

"ಇಬ್ಬರೂ ದಿನಾ ಒಟ್ಟಿಗೆ ಕಾಫಿ ಕುಡೀತೀರಂತೆ. ಆಗ ಏನು ಮಾತಾಡ್ತೀರಿ ಸಾರ್?"

ಇಬ್ಬರೂ ಪ್ರಾಮಾಣಿಕರು. ಒಟ್ಟಿಗೇ ಹೇಳಿದರು: "ಪ್ರಮೋಷನ್ ವಿಷಯ."

ಮಂದಿ ತಂದದ್ದು

ಭಾವನ ಮಹಡಿ ಮನೆಯಲ್ಲಿ ವಿಜಾಪುರದ ಕಡೆಯ ಒಬ್ಬ ಹೆಂಗಸು ಅತ್ತೆಯ ಜೊತೆ ಬಾಡಿಗೆಗಿದ್ದರು. ಜೋಳದ ರೊಟ್ಟಿ ತಟ್ಟಿ ಬಿ.ಟಿ.ಎಂ. ಲೇಔಟಿಗೆ ಕಳಿಸುವುದು ಅವರ ಕಸುಬು. ಅಲ್ಲಿ ರೂಮು ಮಾಡಿಕೊಂಡಿದ್ದ ಆ ಕಡೆಯ ಮಂದಿಗೆಲ್ಲ ಇವರದೇ ರೊಟ್ಟಿ. ಬಸ್ಸಿಲ್ಲದೆ ಇವರಿಗೂ ಸಾಕಾಗಿತ್ತು. ಜನವಿಲ್ಲ ಎನ್ನುತ್ತಾರೆ ಎಂದು ಭಾವ ಅಲವತ್ತುಕೊಂಡಾಗ ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಮಂದಿ ಬೇಕಂದ್ರ ಮಂದಿ ತರೋಣ್ರಿ ಸರ. ಅದೇನ ದೊಡ್ಡ ಮಾತ್ರೀ."

ಜನ ಇದ್ದಾರೋ ಇಲ್ಲವೋ ಬಂದು ನೋಡಿ ಎಂದು ಭಾವ ಅರ್ಜಿ ಕೊಟ್ಟರು, ರಸ್ತೆಯ ಸಾಹೇಬರು ಒಂದು ಬೆಳಿಗ್ಗೆ ಸರ್ವೇಗೆ ಬರುವುದೆಂದು ಆಯಿತು. ಅವತ್ತು ನಮ್ಮ ವಿಭಾಗದ ಜೀಪು ಗ್ಯಾರೇಜಿನಲ್ಲಿತ್ತು, ನಮಗೂ ಅದೇ ದಿಕ್ಕಿಗೆ ಹೋಗಬೇಕಿತ್ತು. ಎರಡೂ ವಿಭಾಗ ಒಂದೇ ಜೀಪಿನಲ್ಲಿ ಕೂತವು. ಆದೇಶದಿಂದ ಆಗದ ಸಮನ್ವಯ ಗ್ಯಾರೇಜಿನಿಂದ ಆಯಿತು.

ಹೋಗಿ ನೋಡಿದರೆ, ಇನ್ನೂ ಇಲ್ಲದ ಬಸ್ ಸ್ಟಾಪಿನಲ್ಲಿ ಜಾತ್ರೆಯಷ್ಟು ಜನ. ಎಲ್ಲರೂ ಬಿ.ಟಿ.ಎಂ.ನಿಂದ ಟೆಂಪೋಗಳಲ್ಲಿ ಬಂದವರು. ಟೆಂಪೋಗಳನ್ನು ನೀಲಗಿರಿ ತೋಪಿನ ಹಿಂದೆ ನಿಲ್ಲಿಸಿದ್ದರು. ಯಾರು ಏನೇ ಕೇಳಿದರೂ ಕೆಲಸಕ್ಕೆ ಹೋಗುತ್ತಿದ್ದೇವೆ ಎಂದು ಹೇಳಬೇಕೆಂದು ರೊಟ್ಟಿಯಾಕೆ ಪಾಠ ಮಾಡಿಸಿದ್ದರು. ಎಲ್ಲರೂ ಚಾಚೂತಪ್ಪದೆ ಒಪ್ಪಿಸಿದರು. ರಸ್ತೆಯ ಸಾಹೇಬರು ಬರೆಯುತ್ತಾ ಬರೆಯುತ್ತಾ ರೊಟ್ಟಿಯಾಕೆಯ ಅತ್ತೆಯ ಹತ್ತಿರ ಬಂದರು. ಬೆನ್ನು ಬಾಗಿದ ಮುದುಕಿ.

"ಎಲ್ಲಿಗೆ ಹೊರಟಿದ್ದೀರಿ ಅಜ್ಜಿ?"

"ಕೆಲಸಕ್ಕ."

"ಏನು ಕೆಲಸ?"

ಅಜ್ಜಿ ಸೊಸೆಯ ಕಡೆ ನೋಡಿದರು. "ಅದನ್ನ ಹೇಳಿಕೊಟ್ಟಿಲ್ಲಪಾ ಇಕಿ."

ನಾನು ಆಕಾಶ ನೋಡಿದೆ. ರಸ್ತೆಯ ಸಾಹೇಬರು ತೋಪಿನ ಕಡೆ ನೋಡಿದರು. ಮರಗಳ ಸಂದಿನಲ್ಲಿ ಟೆಂಪೋದ ಮೂತಿ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಅಕ್ಕ ಬಂದಳು, ಈ ನಾಟಕದ ಸುದ್ದಿಯೇ ಗೊತ್ತಿಲ್ಲದವಳು. ಪಕ್ಕದಲ್ಲಿ ಭಾವ, ಹೆಗಲಲ್ಲಿ ಬ್ಯಾಗು. ಸಾಹೇಬರು ಅವಳನ್ನೂ ಕೇಳಿದರು. ತಿಲಕ್ ನಗರದ ಶಾಲೆಗೆ, ಮೇನ್ ರೋಡಿನವರೆಗೆ ನಡೆದು, ಅಲ್ಲಿಂದ ಬಸ್ಸು ಎಂದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ತಡವಾಗುತ್ತದೆ, ಮೊದಲ ಪೀರಿಯಡ್ಡು ತಪ್ಪುತ್ತದೆ, ದಯವಿಟ್ಟು ದಾರಿ ಬಿಡಿ ಎಂದಳು. ಅವಳು ಕುಂಟುತ್ತಾ ಹೋಗುವುದನ್ನು ಸಾಹೇಬರು ತಿರುವಿನವರೆಗೆ ನೋಡುತ್ತಾ ನಿಂತರು.

ವಾಪಸ್ ಬರುವಾಗ ಜೀಪಿನಲ್ಲಿ ಬಸ್ಸಿಗೆ ಶಿಫಾರಸು ಮಾಡುತ್ತೇನೆ ಎಂದರು. ನಮ್ಮ ಸಾಹೇಬರಿಗೆ ಆಶ್ಚರ್ಯ.

"ಒಬ್ಬರು ಪ್ಯಾಸೆಂಜರ್ ನಿಜವಾಗ್ಲೂ ಇದ್ದಾರಲ್ಲ," ಎಂದರು ಅವರು. "ನಮ್ಮ ಎಷ್ಟೋ ರೂಟಿಗಿಂತ ಇದು ವಾಸಿ."

ಎರಡನೇ ಪ್ಲಾಟ್‌ಫಾರಂ

ಬಸ್ಸು ಬಂದರೆ ತಿರುಗಿಸಲು ಜಾಗ ಬೇಕು. ಜಾಗ ತೋರಿಸುವುದು ನಮ್ಮ ವಿಭಾಗ. ನಮ್ಮ ಸಾಹೇಬರು ಮ್ಯಾಪು ಬಿಡಿಸಿ, ಮೂಲೆಯಲ್ಲಿ ಒಂದು ಒಳ್ಳೆಯ ಖಾಲಿ ಸೈಟು ಕಂಡು, ಪೆನ್ಸಿಲಿನಿಂದ ಸುತ್ತು ಹಾಕಿದರು. ಎದುರು ಸಾಹೇಬರು ಒಂದೇ ನೋಟಕ್ಕೆ ಒಪ್ಪಿದರು. ಎರಡು ವಿಭಾಗಗಳು ತಕರಾರಿಲ್ಲದೆ ಒಪ್ಪಿದ ಮೊದಲ ಜಾಗ ಅದು. ಆದರೆ ನಮ್ಮ ಮ್ಯಾಪು ಹಳೆಯದು. ಆ ಖಾಲಿ ಸೈಟಿನಲ್ಲಿ ಭಾವನ ಮನೆಯಿತ್ತು.

ಸಂಜೆ ಹೋಗಿ ಹೇಳಿದೆ. ಒಳ್ಳೇದಾಯ್ತು ಬಿಡು, ಅಡುಗೆಮನೆಯಿಂದಾನೇ ಬಸ್ ಹತ್ತಬಹುದು ಎಂದಳು ಅಕ್ಕ. ಭಾವ ನಗಲಿಲ್ಲ. ಎದ್ದು ಹೋಗಿ ಗೇಟಿನ ಹತ್ತಿರ ನಿಂತರು. ಸಂಪಿಗೆ ಆ ವರ್ಷ ಮೊದಲ ಬಾರಿ ಮೊಗ್ಗು ಬಿಟ್ಟಿತ್ತು.

ಆಫೀಸಿನಲ್ಲಿ ಹೇಳಿದೆ, ಮ್ಯಾಪಿನಲ್ಲಿ ಮನೆ ಇಲ್ಲವಲ್ಲ ಎಂದರು. ವಾದ ಮಾಡುವುದು ಬಿಟ್ಟು ಇಬ್ಬರು ಸಾಹೇಬರನ್ನೂ ಜಾಗ ನೋಡುವ ನೆಪದಲ್ಲಿ ಭಾವನ ಮನೆಗೆ ಕರೆದುಕೊಂಡು ಹೋದೆ. ತಿಂಡಿಗೆ ಅಕ್ಕ ಅವರೆಕಾಳು ಉಪ್ಪಿಟ್ಟು ಮಾಡಿದ್ದಳು. ಹಾಲ್‌ನಲ್ಲಿ ಸೋಫಾದ ಮೇಲೆ ಕೂತು ಇಬ್ಬರೂ ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ನಮ್ಮ ಸಾಹೇಬರು, ಬಸ್ ನಿಲ್ದಾಣದ ಜಾಗ ಇಲ್ಲಿಂದ ಯಾವ ಕಡೆಗೆ ಬರುತ್ತದೆ ಎಂದು ಭಾವನನ್ನು ಕೇಳಿದರು.

"ನೀವು ಕೂತಿರೋದು ಎರಡನೇ ಪ್ಲಾಟ್‌ಫಾರಂ ಸಾರ್," ಎಂದರು ಭಾವ. "ಚಟ್ನಿ ಹಾಕಲಾ?"

ಕಾರಣ

ಕೈ ತೊಳೆಯುವ ಹೊತ್ತಿಗೆ ನಿಲ್ದಾಣ ಎದುರಿನ ಖಾಲಿ ಮೈದಾನಕ್ಕೆ ಹೋಗಿತ್ತು. ಯುಗಾದಿಗೆ ಮುಂಚೆ ಬಸ್ಸು ಬಂತು. ರೊಟ್ಟಿಯಾಕೆ ಹಾರ ಹಾಕಿ ಕಾಯಿ ಒಡೆದರು. ಅವರ ಅತ್ತೆ ತಮಗೆ ಯಾವ ಕೆಲಸವೂ ಇಲ್ಲವೆಂದು ಡ್ರೈವರಿಗೆ ತಾವಾಗಿಯೇ ಹೇಳಿ, ಹತ್ತದೆ ಉಳಿದರು.

ಆದರೆ ಹೊಸ ರೂಟು ಮೊದಲು ಪರೀಕ್ಷೆಗೆ. ಹತ್ತಿದವರು ಯಾಕೆ ಹತ್ತಿದರು ಎಂದು ತಿಳಿದುಕೊಂಡು, ಕಾರಣ ಗಟ್ಟಿಯಿದ್ದರೆ ಮಾತ್ರ ಬಸ್ಸು ಉಳಿಯುತ್ತದೆ. ಒಂದು ಬೆಳಿಗ್ಗೆ ರಸ್ತೆಯ ಸಾಹೇಬರೇ ಪ್ಯಾಡು ಹಿಡಿದು ಹತ್ತಿದರು, ಜೊತೆಗೆ ನಾನು. ಬಸ್ಸಿನಲ್ಲಿ ಈಗ ನಿಜವಾದ ಜನ. ಆಫೀಸು, ಶಾಲೆ, ಮಾರ್ಕೆಟ್ಟು, ಆಸ್ಪತ್ರೆ. ಸಾಹೇಬರು ಖುಷಿಯಿಂದ ಟಿಕ್ ಹಾಕುತ್ತಾ ಬಂದರು. ಕಿಟಕಿಯ ಪಕ್ಕ ಅಕ್ಕ. ಶಾಲೆ, ಟಿಕ್. ಅವಳ ಪಕ್ಕ ಭಾವ.

"ನೀವು ಎಲ್ಲಿಗೆ ಸಾರ್?"

"ತಿಲಕ್ ನಗರ."

"ಕೆಲಸಾನಾ?"

"ಇಲ್ಲಪ್ಪ, ರಿಟೈರ್ಡು."

"ಆಸ್ಪತ್ರೆ?"

"ಚೆನ್ನಾಗಿದ್ದೀನಲ್ಲ."

ಸಾಮಾನು ತರಲಿಕ್ಕಾ ಎಂದು ಕೇಳಿದರು. ಸಾಮಾನೆಲ್ಲ ಬಡಾವಣೆಯಲ್ಲೇ ಸಿಗುತ್ತದೆ ಎಂದರು ಭಾವ. ಅಕ್ಕ ಕಿಟಕಿಯಾಚೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಮತ್ತೆ ತಿಲಕ್ ನಗರದಲ್ಲಿ ಇಳಿದು ಏನು ಮಾಡ್ತೀರಿ?"

"ರಸ್ತೆ ದಾಟ್ತೀನಿ," ಎಂದರು ಭಾವ. "ವಾಪಸ್ ಬರೋ ಬಸ್ಸು ಆ ಕಡೆ ನಿಲ್ಲುತ್ತೆ."

ಸಾಹೇಬರು ಪ್ಯಾಡು ನೋಡಿದರು, ನನ್ನನ್ನು ನೋಡಿದರು. ಓದಿದವನು ನೀನು, ಇದನ್ನು ಎಲ್ಲಿ ಹಾಕುವುದು ಎಂದು ಮೆಲ್ಲಗೆ ಕೇಳಿದರು. ನಾನು ಓದಿದ್ದರಲ್ಲಿ ಇದು ಇರಲಿಲ್ಲ. ಕೊನೆಗೆ ಅವರು ಭಾವನ ಹೆಸರಿನ ಮುಂದೆ ಎಲ್ಲಾ ಕಾರಣಗಳಿಗೂ ಟಿಕ್ ಹಾಕಿದರು. ಬಸ್ಸು ಉಳಿಯಿತು.

ಅಕ್ಕ ಎರಡು ವರ್ಷದ ಹಿಂದೆ ರಿಟೈರಾದಳು. ಬೆಳಗಿನ ಆ ಬಸ್ಸಿಗೆ ಇಬ್ಬರೂ ಈಗಲೂ ಹತ್ತುತ್ತಾರೆ.