ಅವನು ಕೂತನೋ ಇಲ್ಲವೋ

ಕುರ್ಚಿಯಲ್ಲಿ ಕೂರುವ ಮೊದಲು ನಾನು ಒಮ್ಮೆ ಹಿಂತಿರುಗಿ ನೋಡುತ್ತೇನೆ. ಅದು ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು, ಕೈಯಿಂದ ಮುಟ್ಟಿ, ಅರ್ಧ ಕೂತು, ಮತ್ತೆ ಎದ್ದು, ಕಡೆಗೆ ಪೂರ್ತಿ ಕೂರುತ್ತೇನೆ. ಕಂಡವರು ಮೂಲವ್ಯಾಧಿಯೆಂದು ತಿಳಿದು ಕನಿಕರಪಡುತ್ತಾರೆ. ಪೊನ್ನಂಪೇಟೆಯ ಬಸ್ಸಿನಲ್ಲಿ ಸಿಕ್ಕ ಹಿರಿಯರೊಬ್ಬರು ಗುಟ್ಟಾಗಿ ಸುವರ್ಣಗಡ್ಡೆಯ ಪಥ್ಯವನ್ನೂ ಹೇಳಿಕೊಟ್ಟರು. ನಾನು ಅವರನ್ನು ತಿದ್ದಲಿಲ್ಲ. ಮೂಲವ್ಯಾಧಿಗಾದರೂ ಒಂದು ಮರ್ಯಾದೆ ಇದೆ, ನನ್ನ ನಿಜವಾದ ಕಾಯಿಲೆಗೆ ಅದೂ ಇಲ್ಲ. ದೆವ್ವ, ಶಕುನ, ಜಾತಕ, ದೃಷ್ಟಿ ಒಂದನ್ನೂ ನಂಬದ, ನಂಬುವವರನ್ನು ದಾರಿಯಲ್ಲೇ ನಿಲ್ಲಿಸಿ ವಾದಕ್ಕೆಳೆಯುವ ನಾನು ಒಂದು ಸಿನಿಮಾದ ದೆಸೆಯಿಂದ ಹೀಗಾದೆ ಎಂದು ಯಾವ ಬಾಯಲ್ಲಿ ಹೇಳಲಿ?

ಬಾಯಿಯ ಮಾತು ಬಂದದ್ದರಿಂದ ಅದರ ಪೂರ್ವೋತ್ತರವನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯ ಹುಲಿ. ಕೊಡಗು ಮೈಸೂರಿಗೆ ಸೇರಲೇಬೇಕು ಎಂದು ಒಂದು ಸಂಜೆ ವಾದಿಸಿ ಬಹುಮಾನದ ಕಪ್ಪು ತಂದೆ. ಸೇರಲೇಕೂಡದು ಎಂದು ಮುಂದಿನ ವಾರ ಇನ್ನೊಂದು ಕಾಲೇಜಿನಲ್ಲಿ ವಾದಿಸಿ ಅಲ್ಲಿಯ ಕಪ್ಪನ್ನೂ ತಂದೆ. ಕೊಡಗು ಕೊನೆಗೆ ನನ್ನನ್ನು ಕೇಳದೆಯೇ ಸೇರಿತು, ಆ ಮಾತು ಬೇರೆ. ಒಟ್ಟು ಏಳು ಕಪ್ಪುಗಳನ್ನು ಸಂಪಾಜೆಯ ನಮ್ಮ ಮನೆಗೆ ಹೊತ್ತುಕೊಂಡು ಹೋಗಿ ಸಾಲಾಗಿ ಜೋಡಿಸಿದಾಗ ಅವ್ವ ಒಂದೊಂದನ್ನೂ ಎತ್ತಿ ಒಳಗೆ ಇಣುಕಿ ನೋಡಿ, ನಮ್ಮ ಅರೆಭಾಷೆಯಲ್ಲಿ ಒಂದೇ ಒಂದು ತೀರ್ಪು ಕೊಟ್ಟಳು: "ಕಪ್ಪು ಉಟ್ಟು, ಕಾಪಿ ಇಲ್ಲೆ." ಕಪ್ಪೇನೋ ಇದೆ, ಕುಡಿಯಲು ಕಾಫಿಯಿಲ್ಲ ಎಂಬುದು ಅದರ ಭಾವ. ಮಾರನೆಯ ತಿಂಗಳೇ ಕಕ್ಕಬೆಯ ಹತ್ತಿರದ ಒಂದು ಕಾಫಿ ತೋಟಕ್ಕೆ ರೈಟರ್ ಆಗಿ ಸೇರಿದೆ. ರೈಟರ್ ಎಂದರೆ ಹಾಜರಿ ಬರೆಯುವವನು. ನಾನು ಆ ಪದವನ್ನು ಊರಿನಲ್ಲಿ ಉಚ್ಚರಿಸುತ್ತಿದ್ದ ಗತ್ತೇ ಬೇರೆ.

ತೋಟದ ಒಡೆಯರು ಸೈನ್ಯದಿಂದ ನಿವೃತ್ತರಾದ ಒಬ್ಬ ಕೊಡವ ಮೇಜರ್. ಅವರಿಗೆ ತೋಟ ಮಾರಿ ಇಂಗ್ಲೆಂಡಿಗೆ ಹಡಗು ಹತ್ತಿದ ಬಿಳಿಯ ದೊರೆ, ಬಂಗಲೆಯ ಅಟ್ಟದಲ್ಲಿ ಒಂದು ಸಿನಿಮಾ ಯಂತ್ರವನ್ನೂ ಮೂರು ತಗಡಿನ ಡಬ್ಬಿಗಳನ್ನೂ ಬಿಟ್ಟುಹೋಗಿದ್ದ. ಅಡುಗೆಯ ಕುಂಞಿರಾಮ ಕಣ್ಣೂರಿನ ಟೆಂಟ್ ಸಿನಿಮಾದಲ್ಲಿ ಎರಡು ವರ್ಷ ಯಂತ್ರ ತಿರುಗಿಸಿದ್ದವನು. ಅವನು ಡಬ್ಬಿ ತೆರೆದು ಮೂಸಿ, "ಚಿತ್ರ ಬದುಕಿದೆ ಸಾರೇ" ಎಂದ. ಒಂದು ಭಾನುವಾರ ಮಧ್ಯಾಹ್ನ ಕಾಫಿ ಗೋದಾಮಿನ ಕಿಟಕಿಗಳಿಗೆಲ್ಲ ಗೋಣಿ ಬಡಿದು ಕತ್ತಲೆ ಮಾಡಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮನೆಯ ಡೈನಮೋದಿಂದ ತಂತಿ ಎಳೆದು, ಮೇಜರರ ಎರಡು ಬೆಡ್‌ಶೀಟು ಹೊಲಿದು ಕಟ್ಟಿ, ಲೈನುಮನೆಗಳ ಆಳುಗಳನ್ನೆಲ್ಲ ಕೂರಿಸಿ ಆಟ ಶುರುಮಾಡಿದರು. ಮಾತಿಲ್ಲ, ಹಾಡಿಲ್ಲ. ನಾವು ಯಾರೂ ಅಂಥದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಮೊದಲನೆಯ ಡಬ್ಬಿಯಲ್ಲಿ ಹನ್ನೆರಡು ಜನ ಗಡ್ಡದ ಪ್ರೊಫೆಸರುಗಳು ಒಂದು ಕೊಡೆಯನ್ನು ಶಾಸ್ತ್ರೋಕ್ತವಾಗಿ ಹೂಳುತ್ತಾರೆ. ಮಾರನೆ ದಿನ ಅಲ್ಲಿ ಸಣ್ಣ ಸಣ್ಣ ಕೊಡೆಗಳು ಮೊಳೆತಿರುತ್ತವೆ. ಒಬ್ಬಾಕೆ ಬಂದು ಕಳೆ ಕೀಳುತ್ತಾಳೆ. ಮುಗಿಯಿತು. ಎರಡನೆಯದರಲ್ಲಿ ಒಬ್ಬ ಹೆಂಗಸು ಗೋಡೆ ಗಡಿಯಾರಕ್ಕೆ ಚಮಚದಲ್ಲಿ ಗಂಜಿ ಕುಡಿಸುತ್ತಾಳೆ. ಅದು ಬೇಡವೆಂದು ಮುಳ್ಳು ಅಲ್ಲಾಡಿಸುತ್ತದೆ. ಹಣ್ಣು ಕೀಳುವ ನಮ್ಮ ಪಿಕ್ಕಿಂಗ್ ಹೆಂಗಸರು ಆ ಗಡಿಯಾರಕ್ಕೆ ಬೈದು ಉಣ್ಣಿಸಲು ನೋಡಿದರು. ಮೂರನೆಯದು ಕುರ್ಚಿಯ ಚಿತ್ರ. ಕಪ್ಪು ಕೋಟಿನವನೊಬ್ಬ ಮನೆಯಿಂದ ಹೊರಡುತ್ತಾನೆ. ಅವನ ಊಟದ ಕುರ್ಚಿಯೂ ನಾಯಿಯ ಹಾಗೆ ಹಿಂದೆ ಹೊರಡುತ್ತದೆ. ಗದರಿದರೆ ನಿಲ್ಲುತ್ತದೆ, ಅವನು ತಿರುಗಿದೊಡನೆ ಮತ್ತೆ ಬರುತ್ತದೆ. ಕಚೇರಿ, ಮದುವೆ ಮನೆ, ಸ್ಮಶಾನ, ಎಲ್ಲ ಕಡೆಯೂ ಅವನು ನಿಂತೇ ಇರುತ್ತಾನೆ, ಕುರ್ಚಿ ಬಾಗಿಲಲ್ಲಿ ಕಾಯುತ್ತದೆ. ಕಡೆಗೆ ಅವನು ಓಡಿ ಓಡಿ ಸಮುದ್ರದ ದಂಡೆಗೆ ಬರುತ್ತಾನೆ. ಕುರ್ಚಿ ಆಗಲೇ ಅಲ್ಲಿಗೆ ಬಂದು, ಅಲೆಗಳಿಗೆ ಮುಖಮಾಡಿ ನಿಂತಿದೆ. ಅವನು ಅದನ್ನು ನೋಡುತ್ತಾನೆ. ಒಂದು ಹೆಜ್ಜೆ ಇಡುತ್ತಾನೆ.

ಸರಿಯಾಗಿ ಆಗ ನಾನು ಎದ್ದು ನಿಂತು, ಪರದೆಗೆ ಬೆನ್ನು ಹಾಕಿ, ಸಭಿಕರ ಕಡೆ ತಿರುಗಿದೆ. ಸಭಿಕರನ್ನು ಕಂಡರೆ ತಿರುಗುವುದು ನನ್ನ ಕುತ್ತಿಗೆಯ ರೂಢಿ. "ಮಹನೀಯರೇ, ಕುರ್ಚಿ ನಡೆಯುವುದಕ್ಕೆ ಕಾರಣವೇನು? ಕಾರಣವಿಲ್ಲದ ಕಾರ್ಯವುಂಟೆ?" ಎಂದು ಆರಂಭಿಸಿ ಮಾತು ಬೆಳೆಸಿದೆ. ಮಹನೀಯರು ನನ್ನನ್ನು ದಾಟಿ ನನ್ನ ಬೆನ್ನ ಹಿಂದಕ್ಕೆ ನೋಡುತ್ತಿದ್ದರು. ಒಮ್ಮೆಲೇ ಗೋದಾಮು ತುಂಬ "ಹೋ!" ಎಂದು ಉದ್ಗಾರ. ನಾನು ತಿರುಗುವಷ್ಟರಲ್ಲಿ ಪರದೆ ಬರಿ ಬಿಳಿ ಬೆಡ್‌ಶೀಟು.

ಮುಂದಿನ ಭಾನುವಾರ ಜನ ಮತ್ತೆ ಅದನ್ನೇ ಕೇಳಿದರು. ನಾನು ಮೊದಲ ಸಾಲಿನಲ್ಲಿ ಕೂತು, ಎರಡೂ ಕೈಯಿಂದ ಬೆಂಚು ಹಿಡಿದುಕೊಂಡೆ. ಕೋಟಿನವನು ಸಮುದ್ರಕ್ಕೆ ಬಂದ. ಕುರ್ಚಿಯನ್ನು ಕಂಡ. ಹಿಂದಿನಿಂದ ಆಳುಗಳ ಮೇಸ್ತ್ರಿ ಐತಪ್ಪ, "ಅದು ಕುರ್ಚಿ ಅಲ್ಲ, ಅವನ ಅತ್ತೆ" ಎಂದ. ಇದನ್ನು ಕೇಳಿಸಿಕೊಂಡು ಸುಮ್ಮನಿರಬಲ್ಲ ತಾರ್ಕಿಕ ಇನ್ನೂ ಹುಟ್ಟಿಲ್ಲ. "ಮೇಸ್ತ್ರಿ, ನಾಲ್ಕು ಕಾಲಿದ್ದ ಮಾತ್ರಕ್ಕೆ..." ಎಂದು ತಿರುಗಿ ವಾದಕ್ಕಿಳಿದೆ. "ಹೋ!" ಎಂದರು ಎಲ್ಲರೂ. ಮತ್ತೆ ಬಿಳಿ ಬೆಡ್‌ಶೀಟು.

ಈಗ ಇಡೀ ತೋಟದಲ್ಲಿ ಆ ಕೊನೆಯನ್ನು ನೋಡದವನು ನಾನೊಬ್ಬನೇ. ಕೇಳೋಣವೆಂದರೆ ಮಾನ ಅಡ್ಡ ಬಂತು. ಎಲ್ಲ ಗೊತ್ತಿರುವ ಮುಖ ಹೊತ್ತು ಹಾಜರಿ ಪುಸ್ತಕ ಹಿಡಿದು ಹೋದರೆ ಗಿಡಗಿಡದ ಮರೆಯಲ್ಲೂ ಕುರ್ಚಿಯದೇ ಮಾತು. ಅದು ಅವನ ಸತ್ತ ತಾಯಿ ಎಂದು ಒಬ್ಬಳು, ಯಮನೆಂದು ಇನ್ನೊಬ್ಬಳು, ಮೈಸೂರು ಸರ್ಕಾರವೆಂದು ಐತಪ್ಪ. ಅತ್ತೆಯನ್ನು ಅವನು ಆ ಹೊತ್ತಿಗೆ ಕೈಬಿಟ್ಟಿದ್ದ. ನಾನು ಹತ್ತಿರ ಹೋದರೆ ಮಾತು ನಿಂತು ಕಿಸಕ್ ಎಂದು ನಗು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನಲ್ಲಿ ಎದ್ದು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಮೇಜಿಗೆ. ಚಡಪಡಿಕೆ ತಡೆಯಲಾರದೆ ಮಂಗಳವಾರ ಬೆಳಿಗ್ಗೆ ನಾನೊಂದು ಕೆಟ್ಟ ಕೆಲಸ ಮಾಡಿದೆ. ನನಗೆ ಗೊತ್ತಿಲ್ಲದ್ದು ತೋಟದಲ್ಲಿ ಯಾರಿಗೂ ಬೇಡ ಎಂದು ನೇರವಾಗಿ ಮೇಜರರ ಬಳಿಗೆ ಹೋಗಿ, ಆ ಡಬ್ಬಿಗಳನ್ನು ತೋಟದಿಂದ ಆಚೆಗೆ ಕಳಿಸಬೇಕೆಂದು ವಾದಿಸಿದೆ. ಒಂದು, ಅವಕ್ಕೆ ಕಾರಣವಿಲ್ಲ. ಎರಡು, ನೀತಿಯಿಲ್ಲ. ಮೂರು, ಕೊನೆಯಿಲ್ಲ. ನಾಲ್ಕು, ಹಣ್ಣು ಕೀಳುವ ಕಾಲದಲ್ಲಿ ಆಳುಗಳ ಕೈ ನಿಂತು ಬಾಯಿ ಓಡುತ್ತಿದೆ. ಕಪ್ಪು ಕೊಡಬೇಕಾದ ಭಾಷಣ ಅದು. ಮೇಜರ್ ನಾಲ್ಕನ್ನೂ ತಮ್ಮ ಡೈರಿಯಲ್ಲಿ ನಂಬರು ಹಾಕಿ ಬರೆದುಕೊಂಡು, "ವೆರಿ ಗುಡ್ ರೈಟರ್. ನೀಲಗಿರಿಯ ಒಬ್ಬ ದೊರೆ ಕೇಳ್ತಾ ಇದ್ದ. ಶನಿವಾರದ ಲಾರಿಗೆ ಹಾಕಿಬಿಡುವ" ಎಂದರು. ಗೆದ್ದೆ. ಮೆಟ್ಟಿಲಿಳಿಯುವಾಗಲೇ ಲೆಕ್ಕ ತಪ್ಪಿದ್ದು ಹೊಳೆಯಿತು. ಶನಿವಾರದ ನಂತರ ಆ ಕೋಟಿನವನು ಕೂತನೋ ಇಲ್ಲವೋ ಎಂಬುದು ನೀಲಗಿರಿಯ ಪಾಲು!

ಮಾನ ಬಿಟ್ಟು ಕುಂಞಿರಾಮನನ್ನು ಹಿಡಿದೆ. ಸುಮ್ಮನೆ ಪರೀಕ್ಷೆ ಮಾಡುವವನಂತೆ, "ಆ ಕೊನೆ ನಿನಗೆ ಹೇಗೆ ಕಂಡಿತು?" ಎಂದೆ.

"ಕೂತ ಸಾರೇ. ಕಾಲ್ ಮೇಲೆ ಕಾಲ್ ಹಾಕಿ ಕೂತ."

ಐತಪ್ಪನನ್ನು ಕೇಳಿದರೆ, "ಅವ ಎಲ್ಲಿ ಕೂತದ್ದು? ಕುರ್ಚಿಯೇ ಅವನ ಮೇಲೆ ಕೂತದ್ದು. ರೈಟ್ರು ನೋಡಿತ್ತಿಲ್ವಾ?" ಎಂದ.

"ನೋಡದೆ ಏನು! ನಿನ್ನ ಜ್ಞಾಪಕಶಕ್ತಿ ಪರೀಕ್ಷಿಸಿದೆ."

"ಹಾಗಾದ್ರೆ ಸರಿ. ಕುರ್ಚಿ ಮೀಸೆ ತಿರುವಿದ್ದೂ ನೋಡಿರ್ತೀರಿ" ಎಂದು ಅವನು ಬುಟ್ಟಿ ಎತ್ತಿಕೊಂಡು ಹೋದ.

ಪಿಕ್ಕಿಂಗ್ ಹೆಂಗಸರು ಐದು ಮಂದಿ ಐದು ಕೊನೆ ಹೇಳಿದರು. ಒಂದರಲ್ಲಿ ಕುರ್ಚಿಗೆ ಮರಿಯಾಗಿತ್ತು. ನಾನು ನೋಡಿಲ್ಲವೆಂಬುದು ಅವರಿಗೆಲ್ಲ ಮೊದಲ ದಿನವೇ ಗೊತ್ತಿತ್ತು. ಪರದೆಗೆ ಬೆನ್ನು ಹಾಕಿದ ನನ್ನ ಮುಖವನ್ನು ಎರಡು ಸಲ ನೋಡಿದವರಲ್ಲವೆ ಅವರು!

ಗುರುವಾರ ಮತ್ತೆ ಮೇಜರರ ಮುಂದೆ ನಿಂತೆ. "ಸಾರ್, ಆ ಚಿತ್ರಗಳು ಇಲ್ಲೇ ಇರಬೇಕು. ಜಗತ್ತಿನಲ್ಲಿ ಕಾರಣವಿಲ್ಲದ ಸೌಂದರ್ಯ ಎಷ್ಟಿಲ್ಲ?" ಎಂದು ಎತ್ತಿಕೊಂಡೆ.

ಮೇಜರ್ ಡೈರಿ ತೆರೆದರು. "ಪಾಯಿಂಟ್ ಒಂದು. ಕಾರಣವಿಲ್ಲದ ಕಾರ್ಯ ಮರುಳರಿಗೆ ಮಾತ್ರ. ಯಾರು ಹೇಳಿದ್ದು?"

"ನಾನೇ ಸಾರ್. ಆದರೆ ನೀತಿಯೊಂದೇ ಕಲೆಯ ಅಳತೆಯಲ್ಲ..."

"ಪಾಯಿಂಟ್ ಎರಡು. ನೀತಿಯಿಲ್ಲದ ಕಲೆ ಬೇಲಿಯಿಲ್ಲದ ತೋಟ. ಬಹಳ ಚೆನ್ನಾಗಿ ಹೇಳಿದ್ದಿ, ನಾನು ಅಡಿಗೆರೆ ಹಾಕಿದ್ದೇನೆ ನೋಡು."

ಚೆನ್ನಾಗಿಯೇ ಹೇಳಿದ್ದೆ. ಅದೇ ತೊಂದರೆ. ನಾನು ಎಸೆದ ಒಂದೊಂದು ಬಾಣವನ್ನೂ ಎರಡು ದಿನದ ಹಿಂದಿನ ನಾನು ನಡುದಾರಿಯಲ್ಲೇ ಕತ್ತರಿಸುತ್ತಿದ್ದೆ. ಕಾಲೇಜಿನಲ್ಲಿ ಎರಡು ಪಕ್ಷಗಳ ನಡುವೆ ಒಂದು ವಾರ ಬಿಡುವಿತ್ತು, ಊರೂ ಬೇರೆಯಿತ್ತು, ಮುಖ್ಯವಾಗಿ ಯಾರ ಬಳಿಯೂ ಡೈರಿ ಇರಲಿಲ್ಲ. ನಾಲ್ಕನೆಯ ಪಾಯಿಂಟಿಗೆ ಬರುವ ಹೊತ್ತಿಗೆ ನನ್ನ ಬತ್ತಳಿಕೆ ಬರಿದಾಗಿತ್ತು. ಕಾಲು ಬದಲಿಸಿ ಬದಲಿಸಿ ನಿಂತೆ. ಕಡೆಗೆ ಜೀವಮಾನದಲ್ಲೇ ಮೊದಲ ಬಾರಿಗೆ ಪೂರ್ವಪಕ್ಷವೂ ಉತ್ತರಪಕ್ಷವೂ ಇಲ್ಲದ ಒಂದು ವಾಕ್ಯ ನನ್ನ ಬಾಯಿಂದ ಹೊರಬಿತ್ತು. "ಸಾರ್, ನಾನು ಕೊನೆ ನೋಡಿಲ್ಲ."

ಮೇಜರ್ ಡೈರಿ ಮುಚ್ಚಿದರು. "ಇದನ್ನು ಮೊದಲೇ ಹೇಳ್‌ಬಾರದಾ ಮಾರಾಯ?" ಎಂದರು. "ನಾಳೆ ಮಧ್ಯಾಹ್ನ ಒಂದು ಆಟ ಹಾಕಿಸ್ತೇನೆ. ಆದರೆ ನಿನ್ನ ಬಾಯಿಂದ ಒಂದು ಶಬ್ದ ಬಂದರೆ ಅಲ್ಲೇ ಯಂತ್ರ ಬಂದ್."

ಶುಕ್ರವಾರ ಗೋದಾಮು ಹಿಂದೆಂದಿಗಿಂತ ಹೆಚ್ಚು ಕಿಕ್ಕಿರಿದಿತ್ತು. ಜನ ಬಂದದ್ದು ಚಿತ್ರಕ್ಕಲ್ಲ, ನನ್ನನ್ನು ನೋಡುವುದಕ್ಕೆ. ಐತಪ್ಪ ಮುನ್ನೆಚ್ಚರಿಕೆಯೆಂದು ನನ್ನ ಬಾಯಿಗೆ ನಾಲ್ಕು ಎಲೆ, ಒಂದಿಡೀ ಅಡಿಕೆ ತುರುಕಿದ. ಕುಂಞಿರಾಮ ಯಂತ್ರ ಬಿಟ್ಟ. ಕಚೇರಿ, ಮದುವೆ ಮನೆ, ಸ್ಮಶಾನ. ಹಿಂದಿನಿಂದ ಬಗೆಬಗೆಯ ಗಾಳ ಬಿದ್ದವು. "ದೇವರು ಇದ್ದಾನೆ ಅಂತ ಇದರಿಂದ ಗೊತ್ತಾಯ್ತದೆ ಅಲ್ವಾ ರೈಟ್ರೇ?" "ಜಾತಕ ಸರಿ ಇಲ್ಲದವನಿಗೆ ಹೀಗೇ ಆಗುದು!" ನನ್ನ ಕುತ್ತಿಗೆಯ ನರ ಬಿಗಿದುಕೊಂಡಿತು, ಎಲೆಯ ರಸ ಗಲ್ಲಕ್ಕಿಳಿಯಿತು. ತಿರುಗಲಿಲ್ಲ. ಸಮುದ್ರ ಬಂತು.

ಅವನು ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಕುರ್ಚಿಯ ಹಿಂದೆ ಬಂದು ನಿಂತ. ಅದರ ಬೆನ್ನಿನ ಮೇಲೆ ಮೆಲ್ಲಗೆ ಕೈ ಇಟ್ಟ. ಆಗ ಕುರ್ಚಿ ಎದ್ದು ದಂಡೆಗುಂಟ ನಡೆಯತೊಡಗಿತು. ಈ ಸಲ ಕುರ್ಚಿ ಮುಂದೆ, ಅವನು ಹಿಂದೆ. ಕುರ್ಚಿ ಒಮ್ಮೆ ನಿಂತು ತಿರುಗಿ ನೋಡಿತು. ಗದರಿಸಿತೋ ಏನೋ, ಅವನು ನಿಂತ. ಅದು ಹೊರಟೊಡನೆ ಇವನೂ ಹೊರಟ. ಇಬ್ಬರೂ ಸಣ್ಣಗಾಗುತ್ತ ಹೋದರು. ಬಿಳಿ ಬೆಡ್‌ಶೀಟು.

ಯಾರೂ "ಹೋ" ಎನ್ನಲಿಲ್ಲ. ಗೋಣಿ ಸರಿಸಿ ಬೆಳಕು ಬಿಟ್ಟರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹೊರಗೆ ಹೋಗಿ ಎಲೆ ಉಗಿದು ಬಂದು ಅದೇ ಜಾಗದಲ್ಲಿ ಕೂತೆ. ಮೇಜರ್ ಡೈರಿ ತೆರೆದು ಪೆನ್ಸಿಲ್ ಹಿಡಿದು, "ಸರಿ ರೈಟರ್, ಈಗ ಹೇಳು. ಅರ್ಥ ಏನು?" ಎಂದರು.

"ಗೊತ್ತಿಲ್ಲ ಸಾರ್" ಎಂದೆ.

ಮೇಜರ್ ಪೆನ್ಸಿಲ್ ಇಳಿಸಿದರು. ನನ್ನ ಹಣೆ ಮುಟ್ಟಿ ನೋಡಿ, "ಕುಂಞಿರಾಮಾ, ಕ್ವಿನೈನ್ ತಾ. ಇವನಿಗೆ ಮಲೇರಿಯಾ" ಎಂದರು.

ಶನಿವಾರ ಲಾರಿ ಹೋಯಿತು. ಆ ಚಿತ್ರ ಈಗ ಎಲ್ಲಿದೆಯೋ ತಿಳಿಯದು. ಎಲ್ಲಾದರೂ ಹಾಕಿದರೆ ದಯವಿಟ್ಟು ನೋಡಿ. ಪಕ್ಕದವನು ಏನೇ ಅಂದರೂ ಮುಂದಕ್ಕೇ ನೋಡಿ. ನಾನು ವಿಚಾರವಾದಿಯಾಗಿಯೇ ಉಳಿದಿದ್ದೇನೆ. ಸತ್ತ ಮರದ ಕುರ್ಚಿಗೆ ಸ್ವಯಂಚಲನೆ ಅಸಾಧ್ಯವೆಂದು ಇವತ್ತಿಗೂ ನಾಲ್ಕು ಪಾಯಿಂಟಿನಲ್ಲಿ ಸಾಧಿಸಬಲ್ಲೆ. ಇದನ್ನು ಆಫೀಸಿನಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆ ಕಿಟಕಿಯ ಹತ್ತಿರ ಇಟ್ಟಿದ್ದ ಕುರ್ಚಿ ಈಗ ಬಾಗಿಲ ಬಳಿ ಇದೆ. ಇದು ಐತಪ್ಪನ ಕಿತಾಪತಿ, ಸಂಶಯವೇ ಇಲ್ಲ. ಅವನು ಬೆಳಗಿನಿಂದ ತೋಟದ ಆ ತುದಿಯಲ್ಲಿದ್ದಾನೆಂದು ನಾನೇ ಹಾಜರಿ ಬರೆದಿದ್ದೇನೆ, ಅದು ಬೇರೆ ಮಾತು. ಹೇಗೂ ಊಟಕ್ಕೆ ಹೊರಡುವ ಹೊತ್ತಾಯಿತು. ಕುರ್ಚಿ ಮೊದಲು ಹೋಗಲಿ ಎಂದು ಕಾಯುತ್ತಿದ್ದೇನೆ, ಅಷ್ಟೆ.