ಹಾವುಮೀನಿನ ಬಡ್ಡಿ

ವರ್ಷವಿಡೀ ಬ್ಯಾಂಕಿನಲ್ಲಿ ಆರಾಮಾಗಿ ಮಲಗಿದ್ದ ಐವತ್ತು ಲಕ್ಷ ಯೆನ್, ತೆರಿಗೆ ಕಳೆದು, ಹಮನಾಕರಿಗೆ ದುಡಿದುಕೊಟ್ಟ ಬಡ್ಡಿ ನಲವತ್ತು ಯೆನ್. ಅಷ್ಟರಲ್ಲಿ ಒಂದು ಬಾಳೆಹಣ್ಣು ಬರುತ್ತಿತ್ತು, ಅದೂ ಅಂಗಡಿಯವನ ಮನಸ್ಸು ಚೆನ್ನಾಗಿದ್ದರೆ.

ಮದುವೆಯಾದ ಹೊಸದರಲ್ಲಿ ಅವರು ಹೆಂಡತಿ ಕಿನುಕೊಗೆ ಮಾತು ಕೊಟ್ಟಿದ್ದರು: ಬಡ್ಡಿ ಕೈಗೆ ಬರಲಿ, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಸುಟ್ಟ ಹಾವುಮೀನು ತಿನ್ನಿಸುತ್ತೇನೆ. ಅಸಲಿಗೆ ಕೈಹಾಕುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಬಡ್ಡಿ ಇಳಿಯುತ್ತಾ ಹೋಯಿತು, ಹಾವುಮೀನಿನ ಬೆಲೆ ಏರುತ್ತಾ ಹೋಯಿತು, ಕಿನುಕೊ ಕೇಳುವುದನ್ನೇ ಬಿಟ್ಟಳು. ಅವಳು ಕೇಳದೆ ಇದ್ದದ್ದೇ ಹಮನಾಕರಿಗೆ ಹೆಚ್ಚು ಚುಚ್ಚುತ್ತಿತ್ತು.

ಮದುವೆಯ ನಲವತ್ತನೇ ವರ್ಷದ ದಿನ ಬೆಳಿಗ್ಗೆ ಪೇಪರಿನಲ್ಲಿ ಪಕ್ಕದೂರಿನ ಸಹಕಾರಿ ಬ್ಯಾಂಕಿನ ಜಾಹೀರಾತು ಕಂಡಿತು. ಹೊಸ ಠೇವಣಿಗೆ ನೂರಕ್ಕೆ ಸೊನ್ನೆ ಪಾಯಿಂಟ್ ಎರಡು, ಇವತ್ತು ಮೂರು ಗಂಟೆಗೆ ಕೊನೆ. ತೆರಿಗೆ ಹೋಗಿ ವರ್ಷಕ್ಕೆ ಎಂಟು ಸಾವಿರ, ಅಂದರೆ ಸರಿಯಾಗಿ ಎರಡು ಊಟ. ಮುಂದಿನ ವರ್ಷ ಇದೇ ದಿನ ಹೆಂಡತಿಯನ್ನು ಕರೆದೊಯ್ಯಬಹುದು. ಹಣ ವರ್ಗಾಯಿಸಲು ಹಳೆಯ ಬ್ಯಾಂಕು ಎಂಟುನೂರು ಯೆನ್ ಕೀಳುತ್ತದೆ. ಅದನ್ನು ಕೊಟ್ಟರೆ ಮೀನಿನ ಬಾಲ ಹೋದ ಹಾಗೆ. ನಗದನ್ನೇ ಹೊತ್ತೊಯ್ಯುವುದು ಎಂದು ನಿಶ್ಚಯಿಸಿ, ಪಾಸ್‌ಬುಕ್ಕು, ಸಹಿಯ ಬದಲು ಒತ್ತುವ ಮುದ್ರೆ, ಒಂದು ಬಟ್ಟೆಚೀಲ ಹಿಡಿದು, ಕಿನುಕೊಗೆ ಸುಳಿವು ಕೊಡದೆ ಹೊರಟರು.

ಪೂರ್ತಿ ನಗದು ಬೇಕು ಎಂದಾಗ ಕೌಂಟರಿನ ಹುಡುಗಿಯ ನಗು ಅರ್ಧದಲ್ಲೇ ನಿಂತಿತು. ಸಾಲಿನಲ್ಲಿ ಹಿಂದೆ ನಿಂತಿದ್ದವರು ಪಕ್ಕದ ಮನೆಯಾಕೆ ನೆಗಿಶಿ. ಮುದುಕರಿಗೆ ಫೋನ್ ಮಾಡಿ ದುಡ್ಡು ಲಪಟಾಯಿಸುವ ಕಳ್ಳರ ಮೇಲೆ ಕಣ್ಣಿಡಲು ಬೀದಿಯ ಸಂಘ ಅವರನ್ನು ನೇಮಿಸಿತ್ತು. ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಆರು ತಿಂಗಳಾದರೂ ಒಬ್ಬ ಕಳ್ಳನೂ ಸಿಕ್ಕಿರಲಿಲ್ಲ.

"ಹಮನಾಕ-ಸಾನ್, ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಕೇಳಿದರು ನೆಗಿಶಿ.

"ಯಾರೂ ಮಾಡಿಲ್ಲಮ್ಮ."

"ನೋಡು, ಹಂಗೇ ಹೇಳಿ ಅಂತ ಅವ್ರೇ ಹೇಳ್ಕೊಟ್ಟಿರ್ತಾರೆ," ಎಂದು ನೆಗಿಶಿ ಹುಡುಗಿಗೆ ಕಣ್ಸನ್ನೆ ಮಾಡಿದರು.

ಮ್ಯಾನೇಜರ್ ಬಂದರು, ಚಹಾ ಬಂತು, ಕೊನೆಗೆ ಪೊಲೀಸಿನವನೂ ಬಂದ. ಹಮನಾಕರು ಜೇಬಿನಿಂದ ಜಾಹೀರಾತು ತೆಗೆದು ತೋರಿಸಿದರು. ಅದನ್ನು ತೋರಿಸಬಾರದಿತ್ತು. ಬಡ್ಡಿ ಎಷ್ಟೆಂದು ಓದಿದ್ದೇ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ತಾತ, ಈ ದೇಶದಲ್ಲಿ ಇಷ್ಟೊಂದು ಬಡ್ಡಿ ಯಾರು ಕೊಡ್ತಾರೆ, ನೀವೇ ಹೇಳಿ," ಎಂದ ಪೊಲೀಸಿನವ, ಮಗುವಿಗೆ ಹೇಳುವಷ್ಟು ಮೆತ್ತಗೆ. "ಮೋಸ ಅನ್ನೋಕೆ ಇದೊಂದೇ ಸಾಕು."

ಜಾಹೀರಾತಿನ ನಂಬರಿಗೆ ಫೋನ್ ಮಾಡಿ ನೋಡಿದ. ಕೊನೆಯ ದಿನವಲ್ಲವೇ, ಸುತ್ತಮುತ್ತಲಿನ ಮುದುಕರೆಲ್ಲ ಅದಕ್ಕೇ ಮುಗಿಬಿದ್ದಿದ್ದರು, ಲೈನ್ ಸಿಗಲಿಲ್ಲ. ಅವನ ಅನುಮಾನ ಗಟ್ಟಿಯಾಯಿತು. ಹೆಂಡತಿಗೆ ಹಾವುಮೀನು ತಿನ್ನಿಸಲು ಇಷ್ಟೆಲ್ಲ ಎಂದು ಹಮನಾಕರು ಬಾಯಿಬಿಟ್ಟರೆ, ಹಾವುಮೀನು ಕೊಡಿಸುತ್ತೇನೆಂದು ಆಸೆ ಹುಟ್ಟಿಸಿದವರು ಯಾರು, ಗಂಡಸೋ ಹೆಂಗಸೋ ಎಂದು ಕೇಳಿ ಬರೆದುಕೊಂಡ.

ಕಡೆಯ ಆಸೆ ಕಿನುಕೊ. ಮನೆಗೆ ಫೋನ್ ಹೋಯಿತು. ಅವಳ ದನಿ ಇಡೀ ಬ್ಯಾಂಕಿಗೆ ಕೇಳಿಸಿತು.

"ನಮ್ಮನೆಯವ್ರು ತಾವಾಗೇ ಬ್ಯಾಂಕ್ ಬದಲಾಯಿಸ್ತಾರಾ? ಕ್ಷೌರದಂಗಡೀನೇ ಬದಲಾಯಿಸಿದೋರಲ್ಲ. ಯಾರೋ ತಲೆ ಕೆಡಿಸಿದಾರೆ, ಬಿಡಬೇಡಿ ಅವ್ರನ್ನ."

ಬಿಡಲಿಲ್ಲ. ಎರಡನೆಯ ಸುತ್ತಿನ ಚಹಾ ಮುಗಿಯುವಷ್ಟರಲ್ಲಿ ಗೋಡೆ ಗಡಿಯಾರ ಮೂರು ಹೊಡೆಯಿತು. ಐವತ್ತು ಲಕ್ಷ ಮತ್ತೆ ಮಗ್ಗುಲು ಬದಲಿಸಿ ಅಲ್ಲೇ ಮಲಗಿತು. ಮ್ಯಾನೇಜರ್ ಸೊಂಟ ಬಗ್ಗಿಸಿ ನಮಸ್ಕರಿಸಿ, ಬ್ಯಾಂಕಿನ ಹೆಸರಿದ್ದ ಒಂದು ಪೊಟ್ಟಣ ಟಿಶ್ಯೂ ಕೊಟ್ಟು ಕಳಿಸಿದರು.

ಸಂಜೆ ನೆಗಿಶಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕೆಂಪು-ಬಿಳಿ ದಾರ ಕಟ್ಟಿದ ಲಕೋಟೆ. ಕಣ್ಣಿಟ್ಟು ಗಿರಾಕಿಯ ದುಡ್ಡು ಉಳಿಸಿದ್ದಕ್ಕೆ ಬ್ಯಾಂಕಿನವರ ಕೃತಜ್ಞತೆಯಂತೆ. ಒಳಗಿದ್ದದ್ದು ಸ್ಟೇಷನ್ ಎದುರಿನ ಹೋಟೆಲಿನ ಚೀಟಿ, ಇಬ್ಬರಿಗೆ ಹಾವುಮೀನಿನ ಊಟ, ಎಂಟು ಸಾವಿರ ಯೆನ್.

"ಒಬ್ಳೇ ಹೋಗಿ ತಿನ್ನೋಕೆ ಮನಸ್ಸು ಬರ್ಲಿಲ್ಲ," ಎಂದರು ನೆಗಿಶಿ. "ಕಿನುಕೊ-ಸಾನ್, ನೀವು ಬನ್ನಿ. ಇವತ್ತು ಪಾಪ ನಿಮಗೆಷ್ಟು ಗಾಬರಿ ಆಯ್ತೋ."

ಕಿನುಕೊ ಆಗಲೇ ಒಳ್ಳೆಯ ಕಿಮೋನೊ ಉಟ್ಟಿದ್ದಳು. ಹಮನಾಕರೂ ಚಪ್ಪಲಿಗೆ ಕಾಲು ತೂರಿಸಿದರು.

"ನೀವೆಲ್ಲಿಗೆ? ಎರಡು ದಿನ ಹೊರಗೆ ಬಿಡಬೇಡಿ ಅಂದಿದಾರೆ ಪೊಲೀಸ್ನೋರು. ಅನ್ನ ಮಾಡಿಟ್ಟಿದೀನಿ, ಮೂಲಂಗಿ ಉಪ್ಪಿನಕಾಯಿ ಇದೆ." ಬಾಗಿಲು ಎಳೆದುಕೊಳ್ಳುವ ಮುಂಚೆ ಅವಳು ಒಮ್ಮೆ ತಿರುಗಿ ನೋಡಿದಳು. "ನಲವತ್ತು ವರ್ಷ ನಿಮ್ಮ ಬಡ್ಡಿಗೆ ಕಾದೆ. ನೆಗಿಶಿ-ಸಾನ್ ಒಂದೇ ದಿನದಲ್ಲಿ ತಿನ್ನಿಸ್ತಿದಾರೆ, ನೋಡಿ ಕಲೀರಿ."

ಹಮನಾಕರು ಅನ್ನದ ಬಟ್ಟಲ ಮುಂದೆ ಕೂತು, ಟಿಶ್ಯೂ ಪೊಟ್ಟಣ ಒಡೆದರು.